ಹಾಲಿನ ಲೆಕ್ಕ ಕಾಯುವ ಡಿಸ್ಕುಗಳು: ಮೊದಲ ದಿನದ ತೀರ್ಮಾನಗಳು

(ಸಹಕಾರ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಉತ್ಪಾದಕ ಪ್ರತಿನಿಧಿಗಳ ಸಭೆಯಲ್ಲಿ ಒಕ್ಕೂಟದ ಗಣಕಯಂತ್ರ ವಿಭಾಗದ ಅಧಿಕಾರಿಯವರು ಮಾಡಿದ ಭಾಷಣದ ಪಾಠ. ಸಭೆಗೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ಇಂದಿನ ಸಭೆಯಲ್ಲಿ ಮೇವಿನ ಬಗ್ಗೆ, ಕರುಗಳ ಪಾಲನೆಯ ಬಗ್ಗೆ ತಜ್ಞರು ಮಾತನಾಡಿದ್ದಾರೆ. ನನಗೆ ಕೊಟ್ಟಿರುವ ವಿಷಯ ಗಣಕಯಂತ್ರದ ಡಿಸ್ಕುಗಳದ್ದು. ರಾಸು ಕಟ್ಟಿ ಹಾಲು ಕರೆಯುವವರಿಗೆ ಈ ವಿಷಯ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ.

ಬೆಳಿಗ್ಗೆ ಮತ್ತು ಸಂಜೆ ತಾವು ಸಂಘಕ್ಕೆ ಹಾಲು ಹಾಕುತ್ತೀರಿ. ತೂಕವಾಗುತ್ತದೆ, ಮಾದರಿ ತೆಗೆದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡುತ್ತಾರೆ, ದರ ಬರುತ್ತದೆ, ಕೈಗೆ ಒಂದು ಚೀಟಿ ಸಿಗುತ್ತದೆ. ಹಾಲು ಬಿಎಂಸಿಗೆ ಹೋಗಿ, ಅಲ್ಲಿಂದ ಟ್ಯಾಂಕರ್ ಏರಿ ಡೇರಿ ತಲುಪಿ, ಮರುದಿನ ಯಾರದೋ ಮನೆಯ ಕಾಫಿಗೆ ಸೇರಿಹೋಗುತ್ತದೆ. ತಮ್ಮ ಪಾಲಿಗೆ ಉಳಿಯುವುದು ಲೆಕ್ಕ ಮಾತ್ರ. ಬಟವಾಡೆ ಆ ಲೆಕ್ಕದ ಮೇಲೆ. ವರ್ಷದ ಕೊನೆಯ ಬೋನಸ್ ಆ ಲೆಕ್ಕದ ಮೇಲೆ. ಸರ್ಕಾರದ ಪ್ರೋತ್ಸಾಹಧನ ಆ ಲೆಕ್ಕದ ಮೇಲೆ. ಸಂಘದ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿಗೂ ಹಾಲು ಹಾಕಿದ ಲೆಕ್ಕವೇ ಆಧಾರ. ಮೊದಲು ಈ ಲೆಕ್ಕ ದಪ್ಪ ರಿಜಿಸ್ಟರುಗಳಲ್ಲಿ ಇರುತ್ತಿತ್ತು. ಈಗ ಅದು ಡಿಸ್ಕುಗಳಲ್ಲಿದೆ. ಹಾಲು ಕೆಡದಂತೆ ನೋಡಿಕೊಳ್ಳಲು ನಾವು ಎಷ್ಟು ಖರ್ಚು ಮಾಡುತ್ತೇವೆ ಎಂಬುದು ತಮಗೆ ಗೊತ್ತು. ಲೆಕ್ಕ ಕೆಡದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಒಕ್ಕೂಟಕ್ಕೆ ಹೊಸ ಡಿಸ್ಕ್ ಪೆಟ್ಟಿಗೆಯೊಂದನ್ನು ಕೊಳ್ಳುವ ವಿಷಯ ಈಗ ಆಡಳಿತ ಮಂಡಳಿಯ ಮುಂದಿದೆ. ಆರು ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿ ಒಂದೇ ಎಂಬಂತೆ ಕೆಲಸ ಮಾಡಿಸುವ ಪೆಟ್ಟಿಗೆ ಅದು. ಪೆಟ್ಟಿಗೆ ಬಂದ ದಿನ ಕಂಪನಿಯ ತಂತ್ರಜ್ಞರು ಕೀಲಿಮಣೆಯ ಮುಂದೆ ಕುಳಿತು ಅರ್ಧ ಗಂಟೆಯಲ್ಲಿ ಐದಾರು ಆಯ್ಕೆಗಳನ್ನು ಒತ್ತುತ್ತಾರೆ. ಆ ಅರ್ಧ ಗಂಟೆಯ ಆಯ್ಕೆಗಳು ಮುಂದಿನ ಐದಾರು ವರ್ಷ ತಮ್ಮ ಲೆಕ್ಕದ ಹಣೆಬರಹ ನಿರ್ಧರಿಸುತ್ತವೆ. ದತ್ತಾಂಶ ತುಂಬಿದ ಮೇಲೆ ಅವುಗಳಲ್ಲಿ ಹಲವನ್ನು ಬದಲಿಸುವುದು ಬಹಳ ಕಷ್ಟ. ಆದ್ದರಿಂದ ಮೊದಲ ದಿನವೇ ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ತಮ್ಮೆಲ್ಲರಿಗೂ ತಿಳಿಸುವುದು ನನ್ನ ಉದ್ದೇಶ.

ರೇಡ್ ಎಂದರೇನು?

ಈ ಜೋಡಣೆಗೆ ರೇಡ್ ಎಂದು ಹೆಸರು. ರೇಡ್ ಎಂದ ಕೂಡಲೆ ಅಧಿಕಾರಿಗಳ ದಾಳಿ ಎಂದು ಯಾರೂ ಗಾಬರಿಯಾಗಬೇಕಿಲ್ಲ. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಮಂಡಿಸಿದರು. ಆ ಕಾಲದಲ್ಲಿ ದೊಡ್ಡ ಗಣಕಯಂತ್ರಗಳಿಗೆ ಬಹಳ ದುಬಾರಿಯಾದ ಒಂದೊಂದು ದೊಡ್ಡ ಡಿಸ್ಕ್ ಬಳಸುತ್ತಿದ್ದರು. ಅದರ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನು ಹಲವು ಸೇರಿಸಿ, ಒಂದು ಕೆಟ್ಟರೂ ಉಳಿದವು ಕೆಲಸ ನಡೆಸುವಂತೆ ಕಟ್ಟಬಹುದು ಎಂಬುದು ಅವರ ವಾದ. ಒಬ್ಬ ಸಾಹುಕಾರನನ್ನು ನಂಬುವ ಬದಲು ಹತ್ತು ಸಣ್ಣ ಉತ್ಪಾದಕರು ಕೂಡಿ ಸಂಘ ಕಟ್ಟಿದಂತೆ. ಸಹಕಾರ ತತ್ವ ತಿಳಿದ ನಮಗೆ ಇದು ಹೊಸದೇನೂ ಅಲ್ಲ.

ಡಿಸ್ಕುಗಳು ಕೆಡುವುದು ಅಪರೂಪವೂ ಅಲ್ಲ. ಲಕ್ಷಗಟ್ಟಲೆ ಡಿಸ್ಕು ಇಟ್ಟುಕೊಂಡು ತಮ್ಮ ಅನುಭವವನ್ನು ಬಹಿರಂಗವಾಗಿ ಪ್ರಕಟಿಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಸ್ಥೆಯ ಇತ್ತೀಚಿನ ವರ್ಷಗಳ ಅಂಕಿಗಳ ಪ್ರಕಾರ, ವರ್ಷಕ್ಕೆ ನೂರು ಡಿಸ್ಕುಗಳಲ್ಲಿ ಒಂದರಿಂದ ಎರಡು ಕೆಡುತ್ತವೆ. ಡಿಸ್ಕು ಹಳತಾದಂತೆ ಅಪಾಯ ಹೆಚ್ಚು. ಆರು ಡಿಸ್ಕುಗಳ ಪೆಟ್ಟಿಗೆಯನ್ನು ಐದಾರು ವರ್ಷ ನಡೆಸುವವರು, ಒಂದು ಡಿಸ್ಕಾದರೂ ಕೈಕೊಟ್ಟೀತು ಎಂದು ಲೆಕ್ಕ ಹಾಕಿಕೊಂಡೇ ಕೂಡಬೇಕು.

ಯಾವ ಜೋಡಣೆ ಬೇಕು?

ಜೋಡಣೆಯ ವಿಧಗಳಿಗೆ ಅಂಕೆಗಳ ಹೆಸರಿದೆ. ತಲಾ 4 ಟೆರಾಬೈಟ್ ಹಿಡಿಯುವ ಆರು ಡಿಸ್ಕುಗಳಿವೆ ಎಂದುಕೊಳ್ಳಿ.

ರೇಡ್ 0: ಲೆಕ್ಕವನ್ನು ತುಂಡು ಮಾಡಿ ಆರಕ್ಕೂ ಹಂಚುತ್ತದೆ. 24 ಟೆರಾಬೈಟೂ ಸಿಗುತ್ತದೆ, ವೇಗವೂ ಚೆನ್ನ. ಆದರೆ ಒಂದು ಡಿಸ್ಕು ಹೋದರೆ ಎಲ್ಲವೂ ಹೋಯಿತು. ಲೆಕ್ಕಪತ್ರಕ್ಕೆ ಇದು ಸಲ್ಲದು.

ರೇಡ್ 1: ಎರಡು ಡಿಸ್ಕು, ಎರಡರಲ್ಲೂ ಅದೇ ಬರಹ. ಒಂದು ಹೋದರೆ ಇನ್ನೊಂದು ಇದೆ. ಸಣ್ಣ ಸಂಘಕ್ಕೆ ಸಾಕು.

ರೇಡ್ 5: ಆರರಲ್ಲಿ ಒಂದು ಡಿಸ್ಕಿನಷ್ಟು ಜಾಗವನ್ನು ರಕ್ಷಣೆಗೆ ಬಿಟ್ಟು 20 ಟೆರಾಬೈಟ್ ಕೊಡುತ್ತದೆ. ಯಾವುದಾದರೂ ಒಂದು ಡಿಸ್ಕು ಹೋದರೆ ತಡೆಯುತ್ತದೆ.

ರೇಡ್ 6: ಎರಡು ಡಿಸ್ಕಿನಷ್ಟು ಜಾಗ ಬಿಟ್ಟು 16 ಟೆರಾಬೈಟ್ ಕೊಡುತ್ತದೆ. ಯಾವ ಎರಡು ಡಿಸ್ಕು ಹೋದರೂ ತಡೆಯುತ್ತದೆ.

ರೇಡ್ 10: ಎರಡೆರಡು ಡಿಸ್ಕುಗಳ ಮೂರು ಜೋಡಿ. ಪ್ರತಿ ಜೋಡಿಯಲ್ಲೂ ಒಂದೇ ಬರಹದ ಎರಡು ಪ್ರತಿ. ಸಿಗುವುದು 12 ಟೆರಾಬೈಟ್. ಬೇರೆ ಬೇರೆ ಜೋಡಿಯ ಡಿಸ್ಕುಗಳು ಹೋದರೆ ತಡೆಯುತ್ತದೆ. ಒಂದೇ ಜೋಡಿಯ ಎರಡೂ ಹೋದರೆ ಮಾತ್ರ ಕಷ್ಟ.

ಸಾಮಾನ್ಯವಾಗಿ ಮಾರುವವರು ರೇಡ್ 5 ಎನ್ನುತ್ತಾರೆ. ಜಾಗ ಹೆಚ್ಚು ಸಿಗುತ್ತದೆ ಎಂಬುದು ಕಾರಣ. ಆರು ಡಿಸ್ಕಿಗೆ ದುಡ್ಡು ಕೊಟ್ಟು ಮೂರರಷ್ಟು ಜಾಗ ಪಡೆಯುವುದು ಯಾವ ಜಾಣತನ ಎಂದು ನಿರ್ದೇಶಕರೊಬ್ಬರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಮಗೆ ಎಷ್ಟು ಜಾಗ ಬೇಕು ಎಂದು ಮೊದಲು ಲೆಕ್ಕ ಹಾಕೋಣ.

ಒಬ್ಬ ಸದಸ್ಯರು ಒಂದು ಹೊತ್ತು ಹಾಕಿದ ಹಾಲಿನ ವಿವರಕ್ಕೆ 200 ಬೈಟ್ ಧಾರಾಳವಾಗಿ ಸಾಕು. 200 ಸದಸ್ಯರ ಒಂದು ಸಂಘದಲ್ಲಿ ದಿನಕ್ಕೆ ಎರಡು ಹೊತ್ತಿನಂತೆ ವರ್ಷಕ್ಕೆ 1,46,000 ನಮೂದು. ಅಂದರೆ ಸುಮಾರು 29 ಮೆಗಾಬೈಟ್. ಇಂಥ ಒಂದು ಸಾವಿರ ಸಂಘಗಳಿದ್ದರೂ ವರ್ಷಕ್ಕೆ 29 ಗಿಗಾಬೈಟ್. ಹತ್ತು ವರ್ಷದ ಲೆಕ್ಕ ಒಂದು ಟೆರಾಬೈಟಿನ ಮೂರನೇ ಒಂದು ಪಾಲೂ ಆಗುವುದಿಲ್ಲ. ಹುಡುಕುವ ಸೂಚಿಗಳು, ಬಟವಾಡೆ ಪಟ್ಟಿ ಎಲ್ಲ ಸೇರಿ ಮೂರು ಪಟ್ಟಾದರೂ ಒಂದು ಟೆರಾಬೈಟ್ ದಾಟದು. ಹಾಲಿನ ಲೆಕ್ಕಕ್ಕೆ ನಮಗೆ ಜಾಗದ ಕೊರತೆ ಇಲ್ಲ. ಜಾಗ ಉಳಿಸಲು ಹೋಗಿ ಭದ್ರತೆ ಕಳೆದುಕೊಳ್ಳುವುದು, ಕ್ಯಾನ್ ಅರ್ಧ ಖಾಲಿ ಇರುವಾಗ ಮುಚ್ಚಳ ತೆಗೆದುಹಾಕಿದಂತೆ.

ಇನ್ನೊಂದು ಕಾರಣವೂ ಇದೆ. ನಮ್ಮ ಕೆಲಸದಲ್ಲಿ ಸಣ್ಣ ಸಣ್ಣ ಬರಹಗಳೇ ಹೆಚ್ಚು. ಎಲ್ಲ ಸಂಘಗಳಿಂದ ಒಂದೇ ಹೊತ್ತಿಗೆ ಸಾವಿರಾರು ನಮೂದು ಬರುತ್ತವೆ. ಒಂದು ಸಣ್ಣ ಬರಹಕ್ಕೆ ರೇಡ್ 10ರಲ್ಲಿ ಡಿಸ್ಕುಗಳು ಎರಡು ಕೆಲಸ ಮಾಡಿದರೆ, ರೇಡ್ 5ರಲ್ಲಿ ನಾಲ್ಕು, ರೇಡ್ 6ರಲ್ಲಿ ಆರು ಕೆಲಸ ಮಾಡಬೇಕಾಗುತ್ತದೆ. ಆದ್ದರಿಂದ ಹಾಲಿನ ಲೆಕ್ಕಕ್ಕೆ ರೇಡ್ 10 ಇರಲಿ ಎಂಬುದು ನನ್ನ ಶಿಫಾರಸು. ಕ್ಯಾಮೆರಾ ಚಿತ್ರ, ಹಳೆಯ ಕಡತಗಳ ಪ್ರತಿ ಮುಂತಾದ ಜಾಗ ತಿನ್ನುವ ವಸ್ತುಗಳನ್ನು ಬೇರೆ ಪೆಟ್ಟಿಗೆಯಲ್ಲಿ ರೇಡ್ 6 ಮಾಡಿ ಇಡಬಹುದು. ದೊಡ್ಡ ಡಿಸ್ಕುಗಳಿಗೆ ರೇಡ್ 5 ಏಕೆ ಬೇಡ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ರಕ್ಷಣೆ ಹೇಗೆ ನಡೆಯುತ್ತದೆ ಎಂಬುದು ತಿಳಿಯಬೇಕು.

ಮೊತ್ತದ ಕಾಲಮ್ಮು

ರೇಡ್ 5 ಮತ್ತು 6ರ ಗುಟ್ಟು ಪ್ಯಾರಿಟಿ ಎಂಬುದರಲ್ಲಿದೆ. ನಮ್ಮ ರಿಜಿಸ್ಟರಿನ ಮೊತ್ತದ ಕಾಲಮ್ಮನ್ನು ನೆನೆಸಿಕೊಳ್ಳಿ. ಮೂವರು ಹಾಲು ಹಾಕಿದರು: 12 ಲೀಟರ್, 9 ಲೀಟರ್, 15 ಲೀಟರ್. ಒಟ್ಟು 36 ಎಂದು ಬರೆದಿದೆ. ನೀರು ಬಿದ್ದು ನಡುವಿನವರ ಅಂಕಿ ಅಳಿಸಿಹೋಯಿತು. ಕಾರ್ಯದರ್ಶಿಗಳು ಏನು ಮಾಡುತ್ತಾರೆ? 36ರಲ್ಲಿ 12 ಮತ್ತು 15 ಕಳೆಯುತ್ತಾರೆ. 9 ಲೀಟರ್ ಸಿಕ್ಕಿತು. ಡಿಸ್ಕುಗಳು ಮಾಡುವುದೂ ಇದನ್ನೇ. ಅಲ್ಲಿ ಕೂಡುವುದು ಸೊನ್ನೆ ಮತ್ತು ಒಂದುಗಳನ್ನು. ಕೂಡುವ ರೀತಿ ಬೇರೆ, ತತ್ವ ಒಂದೇ. ಮೊತ್ತವನ್ನು ಒಂದೇ ಡಿಸ್ಕಿನಲ್ಲಿ ಇಡದೆ ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚಿರುತ್ತಾರೆ.

ಈಗ ಒಂದು ಪ್ರಶ್ನೆ. ಮೊತ್ತದ ಕಾಲಮ್ಮಿನಲ್ಲಿ 36ರ ಬದಲು ಹಿಂದಿನ ವರ್ಷದ್ದೋ ಮತ್ತಾವುದರದ್ದೋ 52 ಎಂದು ಉಳಿದುಕೊಂಡಿದ್ದರೆ? ಮೂರೂ ಅಂಕಿ ಚೆನ್ನಾಗಿ ಕಾಣುವವರೆಗೆ ಯಾರಿಗೂ ಗೊತ್ತಾಗದು. ಒಂದು ಅಳಿಸಿದ ದಿನ ಕಳೆದು ನೋಡಿದರೆ 25 ಲೀಟರ್ ಎಂದು ಬರುತ್ತದೆ. ಯಂತ್ರ ಅದನ್ನೇ ನಿಜ ಎಂದು ಬರೆಯುತ್ತದೆ. ಮೊತ್ತ ಇದೆ ಎಂದರೆ ಸಾಲದು, ಮೊತ್ತ ಸರಿಯಾಗಿರಬೇಕು. ಹೊಸ ಜೋಡಣೆಯಲ್ಲಿ ಮೊದಲ ಬಾರಿಗೆ ಮೊತ್ತವನ್ನು ಸರಿಯಾಗಿ ಕೂಡಿಸುವ ಕೆಲಸಕ್ಕೇ ಇನಿಷಿಯಲೈಸೇಷನ್, ಅಂದರೆ ಮೊದಲ ಸಿದ್ಧತೆ ಎಂದು ಹೆಸರು. ನಾನು ಇಂದು ಹೇಳಬೇಕಾದ ಮುಖ್ಯ ಸಂಗತಿ ಇದು.

ತ್ವರಿತ ಸಿದ್ಧತೆಯೋ, ಪೂರ್ಣ ಸಿದ್ಧತೆಯೋ?

ಪರದೆಯ ಮೇಲೆ ಎರಡು ಆಯ್ಕೆ ಬರುತ್ತವೆ. ಒಂದು ತ್ವರಿತ, ಅಂದರೆ ಫಾಸ್ಟ್ ಅಥವಾ ಕ್ವಿಕ್. ಇನ್ನೊಂದು ಪೂರ್ಣ, ಅಂದರೆ ಫುಲ್.

ತ್ವರಿತ ಸಿದ್ಧತೆಯಲ್ಲಿ ಯಂತ್ರ ಜೋಡಣೆಯ ಆರಂಭದ ಮತ್ತು ಕೊನೆಯ ಸ್ವಲ್ಪ ಭಾಗವನ್ನು ಮಾತ್ರ ಅಳಿಸಿ, ಕೆಲವೇ ಕ್ಷಣಗಳಲ್ಲಿ ತಯಾರು ಎನ್ನುತ್ತದೆ. ಮೊತ್ತ ಕೂಡಿಸುವ ಕೆಲಸವನ್ನು ಆಮೇಲೆ ಹಿನ್ನೆಲೆಯಲ್ಲಿ, ನಾವು ಬಳಸುತ್ತಿರುವಾಗಲೇ ಮಾಡುತ್ತಾ ಹೋಗುತ್ತದೆ. ಕೆಲವು ಕಾರ್ಡುಗಳಲ್ಲಿ ಡಿಸ್ಕುಗಳ ಸಂಖ್ಯೆ ಕಡಿಮೆ ಇದ್ದರೆ ಈ ಹಿನ್ನೆಲೆ ಕೆಲಸ ತಾನಾಗಿ ಆರಂಭವಾಗುವುದಿಲ್ಲ. ಆದ್ದರಿಂದ ನಡೆಯುತ್ತಿದೆಯೇ, ಮುಗಿಯಿತೇ ಎಂದು ಪರದೆ ನೋಡಿಯೇ ತಿಳಿಯಬೇಕು.

ಪೂರ್ಣ ಸಿದ್ಧತೆಯಲ್ಲಿ ಪ್ರತಿ ಡಿಸ್ಕಿನ ಪ್ರತಿ ಮೂಲೆಗೂ ಸೊನ್ನೆ ಬರೆಯುತ್ತದೆ. ಸೊನ್ನೆಗಳನ್ನು ಕೂಡಿದರೆ ಸೊನ್ನೆ, ಹೀಗಾಗಿ ಮೊತ್ತ ತಾನಾಗಿ ಸರಿಹೊಂದುತ್ತದೆ. ಇದಕ್ಕೆ ಸಮಯ ಬೇಕು. 4 ಟೆರಾಬೈಟ್ ಡಿಸ್ಕಿಗೆ ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಬರೆದರೂ ಸುಮಾರು ಏಳೂವರೆ ಗಂಟೆ. ಆರೂ ಡಿಸ್ಕುಗಳಿಗೆ ಒಟ್ಟಿಗೇ ಬರೆಯುವುದರಿಂದ ಅಷ್ಟರಲ್ಲೇ ಮುಗಿಯಬಹುದು. ಹೆಚ್ಚು ಹಿಡಿದರೆ ಒಂದು ಹಗಲು, ಒಂದು ರಾತ್ರಿ ಎಂದಿಟ್ಟುಕೊಳ್ಳಿ.

ಅಷ್ಟು ಹೊತ್ತು ಕಾಯಬೇಕೇ ಎಂದು ತಂತ್ರಜ್ಞರು ಕೇಳಬಹುದು. ಹೊಸ ಪೆಟ್ಟಿಗೆಯಾದರೆ ಕಾಯಿರಿ ಎನ್ನುತ್ತೇನೆ. ಎರಡು ಲಾಭಗಳಿವೆ. ಮೊತ್ತ ಮೊದಲ ದಿನದಿಂದಲೇ ಸರಿ ಇರುತ್ತದೆ. ಜೊತೆಗೆ ಡಿಸ್ಕಿನ ಪ್ರತಿಯೊಂದು ಭಾಗಕ್ಕೂ ಒಮ್ಮೆ ಬರೆದು ನೋಡಿದಂತಾಗುತ್ತದೆ. ದೋಷವಿರುವ ಡಿಸ್ಕು ಕೈಕೊಡುವುದಿದ್ದರೆ ಇಲ್ಲೇ, ತಮ್ಮ ಲೆಕ್ಕ ಅದರೊಳಗೆ ಸೇರುವ ಮೊದಲೇ ಕೈಕೊಡಲಿ. ರಾಸು ಕೊಳ್ಳುವಾಗ ಒಂದು ಹೊತ್ತು ಕರೆದು ನೋಡದೆ ಹಗ್ಗ ಹಿಡಿಯುವವರು ನಮ್ಮಲ್ಲಿ ಯಾರೂ ಇಲ್ಲವಲ್ಲ.

ರೇಡ್ 1 ಮತ್ತು 10ರಲ್ಲಿ ಮೊತ್ತವಿಲ್ಲ, ಎರಡು ಪ್ರತಿಗಳಿವೆ. ಅಲ್ಲಿ ಪೂರ್ಣ ಸಿದ್ಧತೆ ಎಂದರೆ ಎರಡೂ ಪ್ರತಿಗಳನ್ನು ಒಂದೇ ರೀತಿ ಮಾಡುವುದು. ಅದನ್ನು ಬಿಟ್ಟರೆ ರೇಡ್ 5ರಷ್ಟು ಅಪಾಯವಿಲ್ಲ. ಆದರೆ ಮುಂದೆ ಎರಡು ಪ್ರತಿ ತಾಳೆ ನೋಡುವಾಗ ಬರೆಯದ ಜಾಗಗಳಲ್ಲಿ ಸುಮ್ಮನೆ ವ್ಯತ್ಯಾಸ ತೋರಿಸಿ, ನಿಜವಾದ ದೋಷ ಯಾವುದು ಎಂದು ತಿಳಿಯದಂತೆ ಮಾಡುತ್ತದೆ.

ಲಿನಕ್ಸ್ ವ್ಯವಸ್ಥೆಯಲ್ಲಿ ಕಾರ್ಡಿಲ್ಲದೆ ತಂತ್ರಾಂಶದಿಂದಲೇ ಜೋಡಣೆ ಮಾಡುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಅಸ್ಯೂಮ್ ಕ್ಲೀನ್ ಎಂಬ ಆಯ್ಕೆ ಇದೆ. ಮೊತ್ತ ಸರಿಯಾಗಿದೆ ಎಂದು ನಂಬಿಕೋ, ಕೂಡಬೇಡ ಎಂಬುದು ಅದರ ಅರ್ಥ. ಸಮಯ ಉಳಿಸಲು ರೇಡ್ 5ರಲ್ಲಿ ಇದನ್ನು ಬಳಸಬಾರದು. ಮುಂದೆ ಒಂದು ಅಂಕಿ ತಿದ್ದಿದಾಗ ಯಂತ್ರ ಎಲ್ಲವನ್ನೂ ಮತ್ತೆ ಕೂಡುವುದಿಲ್ಲ. ಹಳೆಯ ಮೊತ್ತದಲ್ಲಿ ಹಳೆಯ ಅಂಕಿ ಕಳೆದು ಹೊಸದನ್ನು ಸೇರಿಸುವುದುಂಟು. ಹಳೆಯ ಮೊತ್ತವೇ ತಪ್ಪಿದ್ದರೆ ಹೊಸ ಮೊತ್ತವೂ ತಪ್ಪು. ತಪ್ಪು ವರ್ಷಗಟ್ಟಲೆ ಮುಂದುವರಿಯುತ್ತದೆ.

ತ್ವರಿತ ಸಿದ್ಧತೆ ಮಾಡಲೇಬೇಕಾದ ತುರ್ತು ಬಂದರೆ, ಹಿನ್ನೆಲೆ ಕೆಲಸ ಪೂರ್ತಿ ಮುಗಿಯುವವರೆಗೆ ಹಳೆಯ ಯಂತ್ರವನ್ನು ಬಿಚ್ಚಬೇಡಿ, ಅದರ ಲೆಕ್ಕ ಅಳಿಸಬೇಡಿ.

ರೇಡ್ 5 ಏಕೆ ಬೇಡ?

ಈಗ ಮೊದಲು ಬಿಟ್ಟ ಮಾತಿಗೆ ಬರುತ್ತೇನೆ. ರೇಡ್ 5ರ ಆರು ಡಿಸ್ಕುಗಳಲ್ಲಿ ಒಂದು ಕೆಟ್ಟು ಹೊಸದು ಹಾಕಿದರೆ, ಅದನ್ನು ತುಂಬಲು ಉಳಿದ ಐದನ್ನೂ ಪೂರ್ತಿ ಓದಬೇಕು. 20 ಟೆರಾಬೈಟ್ ಓದು. ಡಿಸ್ಕು ಕಂಪನಿಗಳೇ ಕೊಡುವ ವಿವರ ಹಾಳೆಯಲ್ಲಿ, ಸಾಧಾರಣ ದರ್ಜೆಯ ಡಿಸ್ಕಿನಲ್ಲಿ ಸುಮಾರು 12.5 ಟೆರಾಬೈಟ್ ಓದಿದರೆ ಓದಲಾಗದ ಒಂದು ಜಾಗ ಸಿಗಬಹುದು ಎಂಬ ಮಿತಿ ಹಾಕಿರುತ್ತಾರೆ. ಮೇಲು ದರ್ಜೆಯವಕ್ಕೆ ಇದು ಹತ್ತು ಪಟ್ಟು ಉತ್ತಮ. ವಾಸ್ತವದಲ್ಲಿ ಡಿಸ್ಕುಗಳು ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ಒಂದು ಡಿಸ್ಕು ಇಲ್ಲದಿರುವಾಗ ಇನ್ನೊಂದರಲ್ಲಿ ಅಂಥ ಜಾಗ ಸಿಕ್ಕರೆ ರೇಡ್ 5ರ ಬಳಿ ಬೇರೆ ದಾರಿಯಿಲ್ಲ. ಜೊತೆಗೆ ಒಂದೇ ದಿನ ಕೊಂಡ, ಒಂದೇ ಸರಕಿನ ಡಿಸ್ಕುಗಳು ಹತ್ತಿರ ಹತ್ತಿರವೇ ಕೆಡುವ ಸಂಭವವೂ ಇದೆ. ರೇಡ್ 10ರಲ್ಲಿ ಕೆಟ್ಟದ್ದರ ಜೋಡಿಯನ್ನು ಮಾತ್ರ ನಕಲು ಮಾಡಿದರೆ ಸಾಕು. ರೇಡ್ 6ರಲ್ಲಿ ಎರಡನೆಯ ಮೊತ್ತ ಕೈಹಿಡಿಯುತ್ತದೆ.

ಏನೇ ಆಗಲಿ, ಒಂದು ಹೆಚ್ಚುವರಿ ಡಿಸ್ಕನ್ನು ಪೆಟ್ಟಿಗೆಯಲ್ಲೇ ಸಿದ್ಧವಾಗಿಟ್ಟರೆ ಮೇಲು. ಇದಕ್ಕೆ ಹಾಟ್ ಸ್ಪೇರ್ ಎನ್ನುತ್ತಾರೆ. ಒಂದು ಕೆಟ್ಟ ಕ್ಷಣವೇ, ರಾತ್ರಿ ಎರಡು ಗಂಟೆಯಾದರೂ, ಯಾರನ್ನೂ ಕಾಯದೆ ಇದು ಆ ಜಾಗಕ್ಕೆ ನಿಲ್ಲುತ್ತದೆ.

ತುಂಡಿನ ಅಳತೆ, ಅಂದರೆ ಸ್ಟ್ರೈಪ್ ಗಾತ್ರ ಎಂಬ ಇನ್ನೊಂದು ಆಯ್ಕೆ ಬರುತ್ತದೆ. 64 ಕಿಲೋಬೈಟ್, 256 ಕಿಲೋಬೈಟ್ ಹೀಗೆ. ಇದು ವೇಗಕ್ಕೆ ಸಂಬಂಧಿಸಿದ್ದು, ಭದ್ರತೆಗೆ ಅಲ್ಲ. ಕಂಪನಿ ಮೊದಲೇ ಇಟ್ಟಿರುವ ಅಳತೆಯನ್ನೇ ಬಿಡಬಹುದು.

ಕರೆಂಟು ಮತ್ತು ಚೀಟಿ

ಕರೆಂಟಿನ ವಿಷಯ ಬಂದರೆ ಭದ್ರತೆಯ ಇನ್ನೊಂದು ಆಯ್ಕೆ ಇದೆ. ಬರೆಯುವ ಮಾಹಿತಿಯನ್ನು ಯಂತ್ರ ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಬರೆದಾಯಿತು ಎಂದು ಹೇಳಿ, ಆಮೇಲೆ ಡಿಸ್ಕಿಗೆ ಇಳಿಸುವ ಪದ್ಧತಿಗೆ ರೈಟ್ ಬ್ಯಾಕ್ ಎನ್ನುತ್ತಾರೆ. ನೇರವಾಗಿ ಡಿಸ್ಕಿಗೆ ಬರೆದ ಮೇಲೆಯೇ ಆಯಿತು ಎನ್ನುವುದು ರೈಟ್ ಥ್ರೂ. ಮೊದಲನೆಯದು ವೇಗ. ಗಿರಾಕಿ ನೂಕುನುಗ್ಗಲಿನಲ್ಲಿ ಚೀಟಿಯ ಮೇಲೆ ತೂಕ ಗೀಚಿಕೊಂಡು ಆಮೇಲೆ ರಿಜಿಸ್ಟರಿಗೆ ಏರಿಸಿದಂತೆ. ಗಾಳಿ ಬೀಸಿ ಚೀಟಿ ಹಾರಿದರೆ ಲೆಕ್ಕ ಹೋಯಿತು. ಇಲ್ಲಿ ಗಾಳಿ ಎಂದರೆ ಕರೆಂಟು ಹೋಗುವುದು.

ಕಾರ್ಡಿನ ಮೇಲೆ ಬ್ಯಾಟರಿಯೋ, ಕರೆಂಟು ಹೋದಾಗ ನೆನಪನ್ನು ಉಳಿಸಿಡುವ ಫ್ಲ್ಯಾಶ್ ವ್ಯವಸ್ಥೆಯೋ ಇದ್ದರೆ ಮಾತ್ರ ರೈಟ್ ಬ್ಯಾಕ್ ಇಡಬಹುದು. ಬ್ಯಾಟರಿ ಇಲ್ಲದಿದ್ದರೂ ರೈಟ್ ಬ್ಯಾಕ್ ನಡೆಸು ಎಂದು ಒತ್ತಾಯಿಸುವ ಆಯ್ಕೆಯೂ ಪರದೆಯಲ್ಲಿ ಇರುತ್ತದೆ. ಅದನ್ನು ಒತ್ತಲು ಬಿಡಬಾರದು. ಪ್ರತಿ ಡಿಸ್ಕಿನೊಳಗಿನ ಸ್ವಂತ ನೆನಪನ್ನು ಕಾರ್ಡಿನ ಬ್ಯಾಟರಿ ಕಾಯುವುದಿಲ್ಲ. ಅದನ್ನು ಮುಚ್ಚಿಸಿರಿ. ಯುಪಿಎಸ್ ಇದೆಯಲ್ಲ ಎಂದು ಸುಮ್ಮನಿರಬಾರದು. ಯುಪಿಎಸ್ ಬ್ಯಾಟರಿಯೂ ಒಂದು ದಿನ ಸೋಲುತ್ತದೆ.

ಮೂರು ಮೊಲೆಯಲ್ಲಿ ಹಾಲು ಕೊಡುವ ಹಸು

ಕೆಚ್ಚಲುಬಾವಿನಿಂದ ಒಂದು ಮೊಲೆ ಹೋದ ಹಸು ಉಳಿದ ಮೂರರಲ್ಲಿ ಹಾಲು ಕೊಡುತ್ತದೆ. ಡಿಸ್ಕುಗಳ ಜೋಡಣೆಯೂ ಹಾಗೆಯೇ. ಒಂದು ಡಿಸ್ಕು ಸತ್ತರೂ ಪರದೆಯ ಮೇಲೆ ಲೆಕ್ಕ ಎಂದಿನಂತೆ ಕಾಣುತ್ತದೆ, ಬಟವಾಡೆ ನಡೆಯುತ್ತದೆ. ಪೆಟ್ಟಿಗೆಯ ಮೇಲೆ ಒಂದು ಕೆಂಪು ದೀಪ ಉರಿಯುತ್ತಿರುತ್ತದೆ, ಅಷ್ಟೆ. ಬೀಗ ಹಾಕಿದ ಕೋಣೆಯಲ್ಲಿ ಅದನ್ನು ನೋಡುವವರು ಯಾರು? ತಿಂಗಳುಗಟ್ಟಲೆ ಹೀಗೆ ನಡೆದು ಇನ್ನೊಂದು ಡಿಸ್ಕು ಹೋದ ದಿನ ಎಲ್ಲರೂ ಓಡಿಬರುತ್ತಾರೆ.

ಆದ್ದರಿಂದ ಮೊದಲ ದಿನವೇ ಎಚ್ಚರಿಕೆಯ ಸಂದೇಶ ಇಬ್ಬರ ಫೋನಿಗಾದರೂ ಹೋಗುವಂತೆ ಮಾಡಿಸಬೇಕು. ಮಾಡಿದ್ದೇವೆ ಎಂದರೆ ಒಪ್ಪಬೇಡಿ. ಲೆಕ್ಕ ತುಂಬುವ ಮೊದಲೇ ತಂತ್ರಜ್ಞರ ಎದುರಿನಲ್ಲಿ ಒಂದು ಡಿಸ್ಕು ಹೊರಗೆಳೆಸಿ, ಸಂದೇಶ ಬಂತೇ, ಕೆಲಸ ಮುಂದುವರಿಯಿತೇ, ಹೆಚ್ಚುವರಿ ಡಿಸ್ಕು ಜಾಗಕ್ಕೆ ಬಂತೇ ಎಂದು ಕಣ್ಣಾರೆ ನೋಡಿ.

ಹೊರಗೆ ಕಾಣದ ಕೆಚ್ಚಲುಬಾವನ್ನು ಹಾಲಿನ ಪರೀಕ್ಷೆಯಿಂದ ಪತ್ತೆ ಹಚ್ಚುವಂತೆ, ಡಿಸ್ಕುಗಳಲ್ಲಿ ಅಡಗಿದ ದೋಷ ಹುಡುಕುವ ತಪಾಸಣೆಯೂ ಇದೆ. ಪೆಟ್ರೋಲ್ ರೀಡ್ ಎಂಬುದು ಡಿಸ್ಕನ್ನು ಓದುತ್ತಾ ಹೋಗುತ್ತದೆ. ಕನ್ಸಿಸ್ಟೆನ್ಸಿ ಚೆಕ್ ಎಂಬುದು ಮೊತ್ತವನ್ನು ಮತ್ತೆ ಕೂಡಿ ತಾಳೆ ನೋಡುತ್ತದೆ. ತಿಂಗಳಿಗೊಮ್ಮೆ, ಹಾಲಿನ ಹೊತ್ತು ಬಿಟ್ಟು, ರಾತ್ರಿ ನಡೆಯುವಂತೆ ವೇಳೆ ನಿಗದಿ ಮಾಡಿಸಬೇಕು.

ಕೈ ಇಡಬಾರದ ಗುಂಡಿಗಳು

ಪೆಟ್ಟಿಗೆ ಹಳತಾಗಿ ಕಾರ್ಡು ಕೆಟ್ಟು ಹೊಸ ಕಾರ್ಡು ಹಾಕಿದಾಗ, ಈ ಡಿಸ್ಕುಗಳ ಮೇಲೆ ಅನ್ಯ ಜೋಡಣೆ ಇದೆ ಎಂಬರ್ಥದ ಫಾರಿನ್ ಕಾನ್ಫಿಗರೇಷನ್ ಎಂಬ ಸಂದೇಶ ಬರುತ್ತದೆ. ಅಲ್ಲಿ ಇಂಪೋರ್ಟ್ ಮತ್ತು ಕ್ಲಿಯರ್ ಎಂಬ ಎರಡು ಆಯ್ಕೆ. ಮೊದಲನೆಯದು ಡಿಸ್ಕುಗಳಲ್ಲಿ ಬರೆದಿರುವ ಜೋಡಣೆಯ ವಿವರವನ್ನು ಒಪ್ಪಿಕೊಳ್ಳುತ್ತದೆ. ಎರಡನೆಯದು ಆ ವಿವರವನ್ನು ಅಳಿಸುತ್ತದೆ. ಹಾಗೆಯೇ, ಲೆಕ್ಕ ತುಂಬಿದ ಜೋಡಣೆಯ ಮೇಲೆ ಇನಿಷಿಯಲೈಸ್ ಒತ್ತಿದರೆ ಮೊದಲ ದಿನ ಒಳ್ಳೆಯದು ಮಾಡಿದ ಅದೇ ಕೆಲಸ ಈಗ ಎಲ್ಲವನ್ನೂ ಸೊನ್ನೆ ಮಾಡುತ್ತದೆ. ಬೇರೆ ಕಡೆ ಪ್ರತಿ ಇದೆ ಎಂದು ಖಾತರಿಯಾಗುವವರೆಗೆ ಇವೆರಡನ್ನೂ ಯಾರೂ ಒತ್ತಬಾರದು. ಪ್ರತಿ ಡಿಸ್ಕಿನ ಮೇಲೆ ಅದರ ಸ್ಥಾನದ ಸಂಖ್ಯೆ ಬರೆದು ಅಂಟಿಸಿರಿ. ಕೆಟ್ಟ ಡಿಸ್ಕಿನ ಬದಲು ಒಳ್ಳೆಯದನ್ನು ಎಳೆದು ಜೋಡಣೆ ಮುರಿಯುವುದು ಹೊಸ ಕಥೆಯಲ್ಲ. ಮೊದಲ ದಿನ ಮಾಡಿದ ಎಲ್ಲ ಆಯ್ಕೆಗಳನ್ನು ಕಾಗದದ ಮೇಲೆ ಬರೆಸಿ ಕಡತದಲ್ಲಿ ಇಡಬೇಕು.

ಜೋಡಣೆ ಬೇರೆ, ಪ್ರತಿ ಬೇರೆ

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಡಿಸ್ಕು ಕೆಡುವುದರಿಂದ ಮಾತ್ರ ರೇಡ್ ಕಾಯುತ್ತದೆ. ತಪ್ಪಿ ಅಳಿಸಿದರೆ ಆ ತಪ್ಪನ್ನು ಎರಡೂ ಪ್ರತಿಗಳಲ್ಲಿ ನಿಷ್ಠೆಯಿಂದ ಅಳಿಸುತ್ತದೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ತಂತ್ರಜ್ಞರೊಬ್ಬರು ರಾತ್ರಿ ಕೆಲಸದ ನಡುವೆ ಬೇರೆ ಯಂತ್ರ ಎಂದುಕೊಂಡು ಮುಖ್ಯ ಯಂತ್ರದ ದತ್ತಾಂಶವನ್ನೇ ಅಳಿಸಿದರು. ಸುಮಾರು 300 ಗಿಗಾಬೈಟ್ ಹೋಯಿತು. ಪ್ರತಿ ತೆಗೆಯಲು ಹಲವು ಏರ್ಪಾಡುಗಳಿದ್ದವು. ನಿತ್ಯ ಪ್ರತಿ ತೆಗೆಯುವ ಕೆಲಸ ವಿಫಲವಾಗುತ್ತಿದ್ದರೂ ಅದರ ಎಚ್ಚರಿಕೆಯ ಪತ್ರಗಳು ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರೊಂದು ಕಾರಣಕ್ಕೆ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ನಡುವಿನ ಆರು ಗಂಟೆಯ ಬರಹ ಹೋಯಿತು. ಇದನ್ನು ಆ ಸಂಸ್ಥೆಯೇ ಮುಚ್ಚಿಡದೆ ಎಲ್ಲರಿಗೂ ತಿಳಿಸಿತು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಸಂಸ್ಥೆಯ ಗಣಕ ಕೇಂದ್ರದ ಒಂದು ಕಟ್ಟಡ ಬೆಂಕಿಗೆ ಆಹುತಿಯಾಯಿತು. ಬೇರೆ ಊರಿನಲ್ಲಿ ಪ್ರತಿ ಇಟ್ಟಿದ್ದವರು ಮತ್ತೆ ಎದ್ದು ನಿಂತರು. ಪ್ರತಿಯನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಆದ್ದರಿಂದ ಲೆಕ್ಕದ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ ಇರಲಿ, ಒಂದಾದರೂ ಬೇರೆ ಊರಿನಲ್ಲಿ ಇರಲಿ. ಮತ್ತು ವರ್ಷಕ್ಕೆ ಕೆಲವು ಬಾರಿ ಆ ಪ್ರತಿಯಿಂದ ಲೆಕ್ಕವನ್ನು ಮತ್ತೆ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ಪ್ರತಿಯನ್ನು ಪ್ರತಿ ಎಂದು ಎಣಿಸಬೇಡಿ.

ಹಳ್ಳಿಯ ಸಂಘದಲ್ಲಿ

ಕಾರ್ಯದರ್ಶಿ ಮಿತ್ರರಿಗೆ ಎರಡು ಮಾತು. ಸಂಘದ ಕಂಪ್ಯೂಟರಿನಲ್ಲಿ ಒಂದೇ ಡಿಸ್ಕು ಇದ್ದರೆ, ಅಷ್ಟೇ ಅಳತೆಯ ಇನ್ನೊಂದು ಸೇರಿಸಿ ರೇಡ್ 1 ಮಾಡಿಸಬಹುದು. ಖರ್ಚು ದೊಡ್ಡದಲ್ಲ. ಆದರೆ ಇರುವ ಲೆಕ್ಕದ ಪ್ರತಿ ಮೊದಲು ಹೊರಗೆ ತೆಗೆದು, ಆಮೇಲೆ ಜೋಡಣೆಗೆ ಕೈ ಹಾಕಲಿ. ಬಟವಾಡೆಯ ಪ್ರತಿ ಅವಧಿ ಮುಗಿದಾಗ ಹೊರಗಿನ ಡಿಸ್ಕಿಗೆ ಪ್ರತಿ ತೆಗೆದು, ಸಂಘದ ಕಟ್ಟಡದಲ್ಲಲ್ಲದೆ ಬೇರೆ ಕಡೆ ಬೀಗದಲ್ಲಿ ಇಡಿ. ಆ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬೇಡಿ. ವೈರಸ್ ಬಂದರೆ ಎರಡಕ್ಕೂ ಒಟ್ಟಿಗೇ ತಗುಲುತ್ತದೆ.

ಸದಸ್ಯ ಬಂಧುಗಳಿಗೆ ಒಂದು ಮಾತು. ಹಾಲು ಹಾಕಿದಾಗ ಬರುವ ಚೀಟಿಯನ್ನು, ಪಾಸ್ ಪುಸ್ತಕವನ್ನು ಬಟವಾಡೆ ಕೈಗೆ ಬಂದು ತಾಳೆಯಾಗುವವರೆಗೆ ಜೋಪಾನವಾಗಿಡಿ. ಎಷ್ಟು ದೊಡ್ಡ ಪೆಟ್ಟಿಗೆ ಬಂದರೂ ತಮ್ಮ ಕೈಯ ಚೀಟಿಯೂ ಲೆಕ್ಕದ ಒಂದು ಪ್ರತಿಯೇ.

ಕೇಳಬೇಕಾದ ಪ್ರಶ್ನೆಗಳು

ಹೊಸ ಪೆಟ್ಟಿಗೆ ಬಂದ ಮೇಲೆ ಮಹಾಸಭೆಯಲ್ಲಿ ತಾವು ನನ್ನನ್ನೇ ಎಬ್ಬಿಸಿ ಈ ಪ್ರಶ್ನೆಗಳನ್ನು ಕೇಳಬೇಕು:

1. ಯಾವ ಜೋಡಣೆ ಮಾಡಿದ್ದೀರಿ, ಎಷ್ಟು ಡಿಸ್ಕು ಕೆಟ್ಟರೆ ತಡೆಯುತ್ತದೆ?
2. ಪೂರ್ಣ ಸಿದ್ಧತೆ ಮಾಡಿದಿರಾ? ತ್ವರಿತವಾದರೆ ಹಿನ್ನೆಲೆ ಕೆಲಸ ಮುಗಿದದ್ದನ್ನು ಯಾರು ನೋಡಿದರು?
3. ಹೆಚ್ಚುವರಿ ಡಿಸ್ಕು ಇದೆಯೇ?
4. ರೈಟ್ ಬ್ಯಾಕ್ ಇದ್ದರೆ ಕಾರ್ಡಿನ ಬ್ಯಾಟರಿ ಸರಿ ಇದೆಯೇ?
5. ಡಿಸ್ಕು ಕೆಟ್ಟರೆ ಸಂದೇಶ ಯಾರಿಗೆ ಬರುತ್ತದೆ? ಎಳೆದು ನೋಡಿದಿರಾ?
6. ಬೇರೆ ಊರಿನಲ್ಲಿ ಪ್ರತಿ ಇದೆಯೇ? ಅದರಿಂದ ಕೊನೆಯ ಬಾರಿ ಲೆಕ್ಕ ಎಬ್ಬಿಸಿ ನೋಡಿದ್ದು ಯಾವತ್ತು?

ಇವಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯ. ಕೇಳುವುದು ಸದಸ್ಯರಾದ ತಮ್ಮ ಹಕ್ಕು. ಪೆಟ್ಟಿಗೆಯ ಹಣ ತಮ್ಮ ಹಾಲಿನಿಂದ ಬಂದದ್ದು, ಅದರೊಳಗಿನ ಲೆಕ್ಕವೂ ತಮ್ಮದೇ.